ಎರಡನೆಯ ಸಾವಿನ ಹೊಣೆ: ‘ದಿ ವಾಕಿಂಗ್ ಡೆಡ್’ ಧಾರಾವಾಹಿಯಲ್ಲಿ ಶೋಕ

ಅಮೆರಿಕದ ಎಎಂಸಿ ವಾಹಿನಿಯಲ್ಲಿ 2010ರ ಅಕ್ಟೋಬರ್‌ನಿಂದ 2022ರ ನವೆಂಬರ್‌ವರೆಗೆ ಹನ್ನೊಂದು ಸೀಸನ್‌ಗಳಲ್ಲಿ, 177 ಕಂತುಗಳಾಗಿ ಪ್ರಸಾರವಾದ ‘ದಿ ವಾಕಿಂಗ್ ಡೆಡ್’ ಅನ್ನು ಭಯಾನಕ ಕೃತಿಗಳ ಸಾಲಿಗೆ ಸೇರಿಸುವುದು ರೂಢಿಯಾಗಿದ್ದರೂ, ಅದರ ಉತ್ತಮ ಭಾಗಗಳಲ್ಲಿ ಸ್ಥಾಯಿಯಾಗಿ ನಿಲ್ಲುವ ಭಾವ ಭಯವಲ್ಲ, ಶೋಕ. ರಾಬರ್ಟ್ ಕರ್ಕ್‌ಮನ್ ಬರೆದ ಕಾಮಿಕ್ ಮಾಲಿಕೆಯನ್ನು ಆಧರಿಸಿದ ಈ ಕಥೆಯಲ್ಲಿ ಎದ್ದು ನಡೆಯುವ ಹೆಣಗಳನ್ನು ಪಾತ್ರಗಳು ‘ಜೊಂಬಿ’ ಎನ್ನದೆ ಹೆಚ್ಚಾಗಿ ‘ವಾಕರ್’ ಎನ್ನುತ್ತವೆ. ಬದುಕಿರುವ ಎಲ್ಲರ ಮೈಯಲ್ಲಿಯೂ ಸೋಂಕು ಆಗಲೇ ಹೊಕ್ಕಿರುವುದರಿಂದ, ಕಚ್ಚಿಸಿಕೊಂಡು ಸತ್ತವರಷ್ಟೇ ಅಲ್ಲ, ಹೇಗೆ ಸತ್ತವರೂ ಮಿದುಳು ನಾಶವಾಗದ ಹೊರತು ಮತ್ತೆ ಏಳುತ್ತಾರೆ. ಕಥೆಯ ತಾಂತ್ರಿಕ ಅನುಕೂಲದಂತೆ ತೋರುವ ಈ ನಿಯಮವೇ ಇಡೀ ಕೃತಿಯ ನೈತಿಕ ತಿರುಳಾಗಿದೆ, ಏಕೆಂದರೆ ಇಲ್ಲಿ ಪ್ರತಿಯೊಬ್ಬರೂ ಎರಡು ಬಾರಿ ಸಾಯಬೇಕು, ಮತ್ತು ಎರಡನೆಯ ಸಾವಿನ ಹೊಣೆ ಬಹುಮಟ್ಟಿಗೆ ಅಳಬೇಕಾದವರ ಕೈಗೇ ಬರುತ್ತದೆ.

ಸಾವು ಒಂದು ಕ್ಷಣದ ಘಟನೆಯಲ್ಲ, ಅವಧಿಯುಳ್ಳ ಕ್ರಿಯೆ ಎಂಬ ವಿಚಾರವನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ರಾಬರ್ಟ್ ಹರ್ಟ್ಜ್ 1907ರಲ್ಲಿಯೇ ಮಂಡಿಸಿದ್ದನು. ಬೋರ್ನಿಯೊದ ದಯಾಕ್ ಜನರಲ್ಲಿ ಶವವನ್ನು ಮೊದಲು ತಾತ್ಕಾಲಿಕವಾಗಿ ಇರಿಸಿ, ಮಾಂಸ ಕರಗಿದ ಮೇಲೆ ಮೂಳೆಗಳಿಗೆ ಅಂತಿಮ ಸಂಸ್ಕಾರ ಮಾಡುವ ಪದ್ಧತಿಯನ್ನು ಪರಿಶೀಲಿಸಿದ ಅವನು, ಈ ಎರಡರ ನಡುವಣ ಕಾಲದಲ್ಲಿ ಸತ್ತವರ ಆತ್ಮವೂ ಉಳಿದವರ ಬದುಕೂ ನೆಲೆ ತಪ್ಪಿರುತ್ತವೆ ಎಂದು ತೋರಿಸಿದನು. ಕನ್ನಡದಲ್ಲಿ ‘ಪ್ರೇತ’ ಎಂಬ ಒಂದೇ ಮಾತು ಹೆಣವನ್ನೂ ನೆಲೆ ಸಿಗದ ಸತ್ತವರನ್ನೂ ಸೂಚಿಸುವುದರಿಂದ ಈ ನಡುಗಾಲದ ಕಲ್ಪನೆ ಇಲ್ಲಿನ ಓದುಗರಿಗೆ ಹೊಸದೇನಲ್ಲ. ವಾಕರ್ ಎಂಬುದು ಆ ನಡುಗಾಲಕ್ಕೆ ಕೈಕಾಲು ಬಂದ ರೂಪ. ವ್ಯತ್ಯಾಸವೆಂದರೆ ಅದನ್ನು ದಾಟಿಸಲು ಬೇಕಾದ ವಿಧಿಯಾಗಲಿ ಪುರೋಹಿತನಾಗಲಿ ಬಂಧುಬಳಗವಾಗಲಿ ಆ ಲೋಕದಲ್ಲಿ ಉಳಿದಿಲ್ಲ, ಉಳಿದಿರುವುದು ಬಂದೂಕು ಮತ್ತು ಪಿಕಾಸಿ ಮಾತ್ರ.

ಮೊದಲ ಕಂತಿನಲ್ಲಿಯೇ ಈ ಸಂಕಟ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನಾಯಕ ರಿಕ್, ಸೊಂಟದ ಕೆಳಗಿನ ಭಾಗವನ್ನು ಕಳೆದುಕೊಂಡು ಹುಲ್ಲಿನ ಮೇಲೆ ತೆವಳುತ್ತಿರುವ ಅಪರಿಚಿತ ಹೆಂಗಸಿನ ಬಳಿಗೆ ಹೋಗಿ, ಅವಳ ಸ್ಥಿತಿಗೆ ಮರುಗಿ, ಗುಂಡು ಹಾರಿಸುತ್ತಾನೆ. ಅದೇ ಹೊತ್ತಿಗೆ ಮಾರ್ಗನ್ ಎಂಬುವನು ಮಹಡಿಯ ಕಿಟಕಿಯಲ್ಲಿ ಕುಳಿತು, ಬೀದಿಯಲ್ಲಿ ಅಲೆಯುವ ತನ್ನ ಹೆಂಡತಿಗೆ ಗುರಿಯಿಟ್ಟು, ಹಾರಿಸಲಾರದೆ ಕುಸಿಯುತ್ತಾನೆ. ಎರಡೂ ದೃಶ್ಯಗಳನ್ನು ಹೆಣೆದಿರುವ ಸಂಕಲನದಲ್ಲಿ ಒಂದು ಮಾತೂ ಇಲ್ಲದೆ ಅಪರಿಚಿತರ ಸಾವಿಗೂ ಆಪ್ತರ ಸಾವಿಗೂ ಇರುವ ಅಂತರ ಅಳೆಯಲ್ಪಡುತ್ತದೆ. ಮೂರನೆಯ ಸೀಸನ್‌ನಲ್ಲಿ ಮಾರ್ಗನ್ ಮರಳಿ ಕಾಣಿಸುವಾಗ, ಅವನು ಕೊಲ್ಲಲಾರದೆ ಬಿಟ್ಟ ಹೆಂಡತಿಯಿಂದಲೇ ಮಗನೂ ಸತ್ತಿರುತ್ತಾನೆ, ಗೋಡೆಗಳ ತುಂಬ ಅವನ ಬುದ್ಧಿಭ್ರಮೆಯ ಬರಹ ಹರಡಿರುತ್ತದೆ. ಪ್ರೀತಿಯ ಹಿಂಜರಿಕೆಗೆ ಇಷ್ಟು ಕ್ರೂರವಾದ ದಂಡ ವಿಧಿಸುವುದರಲ್ಲಿ ಧಾರಾವಾಹಿ ನಿಷ್ಠುರವಾಗಿದೆ ನಿಜ. ಆದರೆ ಮಾರ್ಗನ್ ತಪ್ಪು ಮಾಡಿದನೆಂದು ಅದು ಎಲ್ಲಿಯೂ ತೀರ್ಪು ಕೊಡುವುದಿಲ್ಲ.

ಮೊದಲ ಸೀಸನ್‌ನ ಐದನೆಯ ಕಂತು ಈ ದೃಷ್ಟಿಯಿಂದ ಇಡೀ ಧಾರಾವಾಹಿಯ ಅತ್ಯಂತ ಪ್ರಬುದ್ಧ ಭಾಗ. ಬದುಕುಳಿದವರ ಬಿಡಾರದ ಮೇಲೆ ವಾಕರ್‌ಗಳ ದಾಳಿಯಾದ ಮರುದಿನ, ಸಿಕ್ಕ ಹೆಣಗಳನ್ನೆಲ್ಲ ಒಟ್ಟಿಗೆ ಬೆಂಕಿಗೆ ಹಾಕಲು ಹೊರಟವರನ್ನು ಗ್ಲೆನ್ ಎಂಬ ಯುವಕ ತಡೆದು, ತಮ್ಮವರನ್ನು ಸುಡುವುದಿಲ್ಲ, ಹೂಳಬೇಕೆಂದು ಹಟ ಹಿಡಿಯುತ್ತಾನೆ. ಸಮಾಜವೆಂಬುದು ಕುಸಿದ ಮೇಲೆಯೂ ‘ನಮ್ಮವರು’ ಎಂಬ ಗೆರೆಯನ್ನು ಎಳೆಯುವುದು ಆಹಾರ ಹಂಚಿಕೆಯಲ್ಲಲ್ಲ, ಶವಸಂಸ್ಕಾರದಲ್ಲಿ. ಆಂಡ್ರಿಯಾ ತನ್ನ ತಂಗಿ ಏಮಿಯ ಹೆಣದ ಬಳಿಯಿಂದ ಏಳುವುದಿಲ್ಲ. ಹುಟ್ಟುಹಬ್ಬಕ್ಕೆಂದು ತೆಗೆದಿಟ್ಟಿದ್ದ ಸರವನ್ನು ತೊಡಿಸಿ, ತಂಗಿ ಕಣ್ಣು ತೆರೆದು ಗುರುಗುಡುವವರೆಗೆ ಕಾದು, ತಬ್ಬಿಕೊಂಡಂತೆಯೇ ಕ್ಷಮೆ ಕೇಳಿ ಗುಂಡು ಹಾರಿಸುತ್ತಾಳೆ. ಇನ್ನೊಂದು ಕಡೆ ಕ್ಯಾರಲ್, ತನ್ನನ್ನು ಹೊಡೆದು ಬಡಿದು ಬಾಳಿಸಿದ್ದ ಗಂಡನ ಹೆಣದ ಕೆಲಸ ತನ್ನದೇ ಎಂದು ಪಿಕಾಸಿಯನ್ನು ಕೇಳಿ ಪಡೆದು, ಒಂದೇ ಏಟು ಸಾಕಾಗುವಲ್ಲಿ ಅಳುತ್ತಳುತ್ತ ಮತ್ತೆ ಮತ್ತೆ ಬಡಿಯುತ್ತಾಳೆ. ಒಂದೇ ಕ್ರಿಯೆ ಒಬ್ಬಳಲ್ಲಿ ಅಂತ್ಯಸಂಸ್ಕಾರವೂ ಇನ್ನೊಬ್ಬಳಲ್ಲಿ ಲೆಕ್ಕ ತೀರಿಸುವಿಕೆಯೂ ಆಗುತ್ತದೆ.

ಎರಡನೆಯ ಸೀಸನ್ ನಿಧಾನವೆಂಬ ದೂರು ವ್ಯಾಪಕವಾಗಿದ್ದರೂ ಆ ನಿಧಾನವೇ ಅದರ ಗುಣವೆಂದು ಹೇಳಬೇಕಾಗುತ್ತದೆ. ಅಮೆರಿಕದ ವಿದ್ವಾಂಸೆ ಪಾಲಿನ್ ಬಾಸ್ 1970ರ ದಶಕದಿಂದ ರೂಪಿಸಿದ ‘ಅನಿಶ್ಚಿತ ನಷ್ಟ’ ಎಂಬ ಪರಿಕಲ್ಪನೆಯು ಎರಡು ಬಗೆಯ ಶೋಕಗಳನ್ನು ಗುರುತಿಸುತ್ತದೆ: ಯುದ್ಧದಲ್ಲಿ ಕಾಣೆಯಾದ ಸೈನಿಕನಂತೆ ವ್ಯಕ್ತಿಯ ದೇಹವೇ ಸಿಗದಿರುವುದು ಒಂದು, ಮರೆವಿನ ಕಾಯಿಲೆಯ ರೋಗಿಯಂತೆ ದೇಹ ಎದುರಿಗಿದ್ದೂ ವ್ಯಕ್ತಿ ಇಲ್ಲದಿರುವುದು ಇನ್ನೊಂದು. ಕ್ಯಾರಲ್‌ಳ ಮಗಳು ಸೋಫಿಯಾ ಹೆದ್ದಾರಿಯ ಬಳಿ ಕಾಡಿನಲ್ಲಿ ಕಳೆದುಹೋಗಿ ಇಡೀ ಗುಂಪು ಕಂತುಗಟ್ಟಲೆ ಹುಡುಕುವುದು ಮೊದಲ ಬಗೆಗೆ ಸೇರಿದರೆ, ರೈತ ಹರ್ಷಲ್ ಹೆಂಡತಿಯನ್ನೂ ನೆರೆಹೊರೆಯವರನ್ನೂ ಬರಿಯ ರೋಗಿಗಳೆಂದು ನಂಬಿ ಕಣಜದಲ್ಲಿ ಕೂಡಿಹಾಕಿ ಕೋಳಿ ತಿನ್ನಿಸುವುದು ಎರಡನೆಯ ಬಗೆಗೆ ಸೇರುತ್ತದೆ. ಏಳನೆಯ ಕಂತಿನಲ್ಲಿ ಕಣಜದ ಬಾಗಿಲು ಒಡೆದು, ಎಲ್ಲ ವಾಕರ್‌ಗಳೂ ಉರುಳಿದ ಮೇಲೆ ಕೊನೆಯವಳಾಗಿ ಸೋಫಿಯಾ ಹೊರಬರುವಾಗ ಎರಡೂ ಎಳೆಗಳು ಒಂದಾಗುತ್ತವೆ. ಆ ವಾರಗಳ ಕಾಯುವಿಕೆಯನ್ನು ಪ್ರೇಕ್ಷಕರೂ ಅನುಭವಿಸಿರದಿದ್ದರೆ ಆ ದೃಶ್ಯ ಕೇವಲ ಆಘಾತವಾಗುತ್ತಿತ್ತು. ಮಗಳ ಅಂತ್ಯಕ್ರಿಯೆಗೆ ಕ್ಯಾರಲ್ ಹೋಗುವುದಿಲ್ಲ. ಅವಳ ಪಾಲಿಗೆ ಕಣಜದಿಂದ ಬಂದದ್ದು ಮಗಳೇ ಅಲ್ಲ.

ಇದಕ್ಕೆ ಹೋಲಿಸಿದರೆ ಏಳನೆಯ ಸೀಸನ್‌ನ ಆರಂಭ ದೊಡ್ಡ ಪತನ. ಖಳನಾಯಕ ನೀಗನ್ ತಂತಿ ಸುತ್ತಿದ ಬೇಸ್‌ಬಾಲ್ ಬ್ಯಾಟಿನಿಂದ ಯಾರನ್ನು ಕೊಂದನೆಂಬುದನ್ನು ಬಚ್ಚಿಟ್ಟು ಆರನೆಯ ಸೀಸನ್ 2016ರ ಏಪ್ರಿಲ್‌ನಲ್ಲಿ ಮುಗಿದು, ಅಕ್ಟೋಬರ್‌ವರೆಗೆ ಸಾವು ಊಹಾಪೋಹದ ಆಟವಾಯಿತು. ತಮ್ಮವರನ್ನು ಹೂಳಬೇಕೆಂದಿದ್ದ ಅದೇ ಗ್ಲೆನ್ ಮತ್ತು ಅವನ ಸಂಗಡಿಗ ಏಬ್ರಹಾಂ ಸತ್ತ ಕಂತನ್ನು ಅಮೆರಿಕದಲ್ಲಿ ಸುಮಾರು 1.7 ಕೋಟಿ ಜನ ನೋಡಿದರೂ, ಅಲ್ಲಿಂದಾಚೆಗೆ ಪ್ರೇಕ್ಷಕರ ಸಂಖ್ಯೆ ಇಳಿಯುತ್ತಲೇ ಹೋಯಿತು. ಹಿಂಸೆ ಹೆಚ್ಚಾಯಿತೆಂಬ ಆಕ್ಷೇಪ ಅರ್ಧಸತ್ಯ ಮಾತ್ರ, ಏಕೆಂದರೆ ಕ್ಯಾರಲ್‌ಳ ಪಿಕಾಸಿಯೂ ಕಡಿಮೆ ಹಿಂಸೆಯದಲ್ಲ. ನಿಜವಾದ ದೋಷವೆಂದರೆ ಹತ್ತಿರದವರ ಕೈಯಲ್ಲಿದ್ದ ಸಾವು ಶತ್ರುವಿನ ಪ್ರದರ್ಶನವಾದದ್ದು, ಕರುಣಕ್ಕೆ ಬೇಕಾದ ಕಾಲವನ್ನು ಕುತೂಹಲ ನುಂಗಿದ್ದು. ಗ್ಲೆನ್‌ನ ಗರ್ಭಿಣಿ ವಿಧವೆ ಮ್ಯಾಗಿಯ ದುಃಖವನ್ನೂ ಕಥೆ ಬಹುಬೇಗ ಯುದ್ಧದ ಸಿದ್ಧತೆಗೆ ತಿರುಗಿಸಿಬಿಡುತ್ತದೆ.

ವಿಚಿತ್ರವೆಂದರೆ, ಧಾರಾವಾಹಿ ತಾನು ಕಳೆದುಕೊಂಡ ಕಾಲವನ್ನು 2021ರ ಒಂದು ಕಂತಿನಲ್ಲಿ ಮರಳಿ ಪಡೆದದ್ದು ನೀಗನ್‌ನ ಮೂಲಕವೇ. ಕ್ಯಾನ್ಸರ್‌ನಿಂದ ನರಳುತ್ತಿದ್ದ ಅವನ ಹೆಂಡತಿ ಲೂಸಿಲ್, ಔಷಧ ತರಲು ಅವನು ಹೊರಗೆ ಹೋಗಿದ್ದಾಗ ತನ್ನ ಜೀವ ತೆಗೆದುಕೊಂಡಿರುತ್ತಾಳೆ. ವಾಕರ್ ಆಗಿ ಎದ್ದ ಅವಳ ಮೇಲೆ ಕೈಯೆತ್ತಲಾರದೆ ನೀಗನ್ ಅವಳಿರುವ ಮನೆಗೇ ಬೆಂಕಿಯಿಡುತ್ತಾನೆ, ಮುಂದೆ ಗ್ಲೆನ್‌ನ ತಲೆಯೊಡೆಯಲಿರುವ ಬ್ಯಾಟಿಗೆ ಅವಳ ಹೆಸರನ್ನೇ ಇಡುತ್ತಾನೆ. ಕಂತಿನ ಕೊನೆಗೆ ಅವನು ಆ ಬ್ಯಾಟಿನೊಡನೆ ಹೆಂಡತಿಯೊಡನೆ ಮಾತನಾಡುವಂತೆ ಮಾತನಾಡಿ, ಕ್ಷಮೆ ಕೇಳಿ, ಅದನ್ನು ಬೆಂಕಿಗೆ ಹಾಕುತ್ತಾನೆ. ಗ್ಲೆನ್‌ಗೆ ಸಿಗದ ನಿಧಾನವಾದ ಸಂಸ್ಕಾರ ಅವನನ್ನು ಕೊಂದ ಕಟ್ಟಿಗೆಗೆ ಸಿಗುತ್ತದೆ.