ಕೆಂತುಂ–ಸತಂ ವಿಭಜನೆ: ಶಾಖಾನಿರ್ಣಯಕ್ಕೆ ಮಾನದಂಡವಾಗಬಲ್ಲದೆ?

ಇಂಡೋ-ಯುರೋಪಿಯನ್ ಭಾಷಾಪರಿವಾರವನ್ನು ಕೆಂತುಂ ಮತ್ತು ಸತಂ ಎಂಬ ಎರಡು ಕವಲುಗಳಾಗಿ ಒಡೆದು ಪರಿಚಯಿಸುವ ಕ್ರಮ ಬೋಧನೆಯಲ್ಲಿ ಇನ್ನೂ ಉಳಿದಿದೆ. 1890ರಲ್ಲಿ ಪೀಟರ್ ಫಾನ್ ಬ್ರಾಡ್ಕೆ ಮುಂದಿಟ್ಟ ಈ ವಿಭಜನೆಯ ಹೆಸರುಗಳು ‘ನೂರು’ ಎಂಬರ್ಥದ ಲ್ಯಾಟಿನ್ ಮತ್ತು ಅವೆಸ್ತಾ ಪದಗಳಿಂದ ಬಂದವು. ಮೂಲಭಾಷೆಯ ತಾಲವ್ಯೀಕೃತ ಕಕಾರವು ಮೊದಲ ಗುಂಪಿನಲ್ಲಿ ಶುದ್ಧ ಕಕಾರದೊಡನೆ ಬೆರೆತಿದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಊಷ್ಮಧ್ವನಿಯಾಗಿದೆ. ಧ್ವನಿವ್ಯತ್ಯಾಸದ ವರ್ಣನೆಯಾಗಿ ಇದು ಸರಿ. ವಂಶವೃಕ್ಷದ ಮೊದಲ ಕವಲಾಗಿ ಇದನ್ನು ಒಪ್ಪಲಾಗದು ಎಂಬುದು ಈ ಟಿಪ್ಪಣಿಯ ವಾದ.

ಮೊದಲ ಆಕ್ಷೇಪ ಭಾಷಾಸಾಮಗ್ರಿಯಿಂದಲೇ ಹುಟ್ಟುತ್ತದೆ. 1908ರಲ್ಲಿ ಜೀಗ್ ಮತ್ತು ಜೀಗ್ಲಿಂಗ್ ಗುರುತಿಸಿದ ತೊಖಾರಿಯನ್ ತಾರಿಮ್ ಕಣಿವೆಯಷ್ಟು ಪೂರ್ವದ್ದು; ಆದರೂ ಅದರ ‘ಬಿ’ ಪ್ರಭೇದದಲ್ಲಿ ನೂರಕ್ಕೆ ‘ಕಂತೆ’ ಎಂಬ ಪದವಿದೆ. ಪೂರ್ವ–ಪಶ್ಚಿಮವೆಂಬ ಭೌಗೋಳಿಕ ಸಮರ್ಥನೆ ಅಲ್ಲಿಗೆ ಕುಸಿಯುತ್ತದೆ. ಅನಟೋಲಿಯನ್ ಶಾಖೆಯ ಲೂವಿಯನ್ ಭಾಷೆಯಲ್ಲಿ ಮೂರೂ ಕಂಠ್ಯಶ್ರೇಣಿಗಳ ಭೇದದ ಕುರುಹುಗಳಿರುವುದರಿಂದ ಅದು ಎರಡೂ ಗುಂಪುಗಳಿಗೆ ಹೊಂದದು. ಸತಂ ವಲಯದೊಳಗೂ ಏಕರೂಪತೆಯಿಲ್ಲ: ಸಂಸ್ಕೃತದ ‘ಅಶ್ಮನ್’ಗೆ ಲಿಥುವೇನಿಯನ್ನಿನ ಜ್ಞಾತಿಪದ ‘ಅಕ್ಮುವೊ’.

ಎರಡನೆಯ ಆಕ್ಷೇಪ ವಿಧಾನಕ್ಕೆ ಸಂಬಂಧಿಸಿದ್ದು. ಉಪವರ್ಗವನ್ನು ಸ್ಥಾಪಿಸುವುದು ಸಮಾನ ನಾವೀನ್ಯವೇ ಹೊರತು ಸಮಾನ ಉಳಿಕೆಯಲ್ಲ ಎಂಬ ತತ್ತ್ವ 1876ರ ಲೆಸ್ಕೀನರ ಕಾಲದಿಂದಲೂ ಪರಿಚಿತ. ನಾವೀನ್ಯವಿದ್ದರೂ ಅದು ಸ್ವತಂತ್ರವಾಗಿ ಮರುಕಳಿಸುವಂಥದ್ದಾದರೆ ಪ್ರಮಾಣಬಲ ಕುಗ್ಗುತ್ತದೆ. ಇದಕ್ಕೆ ನಿದರ್ಶನ ದ್ರಾವಿಡದಲ್ಲೇ ಇದೆ. ಕನ್ನಡದ ‘ಕಿವಿ’ಗೆ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ‘ಚೆವಿ’. ತಾಲವ್ಯೀಕರಣವನ್ನೇ ನೆಚ್ಚಿದರೆ ತಮಿಳು–ತೆಲುಗು ಒಂದು ಶಾಖೆ, ಕನ್ನಡ ಇನ್ನೊಂದು ಎನ್ನಬೇಕಾದೀತು. ಆದರೆ ಕನ್ನಡ–ತಮಿಳುಗಳು ದಕ್ಷಿಣ ದ್ರಾವಿಡಕ್ಕೂ ತೆಲುಗು ದಕ್ಷಿಣ-ಮಧ್ಯ ದ್ರಾವಿಡಕ್ಕೂ ಸೇರಿದವು. ಪರಿಸರವನ್ನು ಗಮನಿಸಿದರೆ ಸಾಮ್ಯವೂ ಸಡಿಲುತ್ತದೆ: ಮೂರ್ಧನ್ಯದ ಮುಂದೆ ತಮಿಳು ‘ಕಿಳಿ’ ಎಂದು ಕಕಾರವನ್ನು ಉಳಿಸಿಕೊಂಡರೆ, ತೆಲುಗಿನಲ್ಲಿ ‘ಚಿಲುಕ’ ಎಂದಾಗಿದೆ.

ಹಾಗೆಂದು ಸತಂ ಪರಿವರ್ತನೆ ನಿರರ್ಥಕವಲ್ಲ. ಅಕ್ಕಪಕ್ಕದ ಉಪಭಾಷೆಗಳಲ್ಲಿ ಹಬ್ಬಿ ಅಂಚಿನಲ್ಲಿ ಕ್ಷೀಣಿಸಿದ ಸಮಭಾಷಿಕ ರೇಖೆಯಾಗಿ ಅದನ್ನು ಓದಿದರೆ ಲಿಥುವೇನಿಯನ್ ಅಪವಾದಗಳೂ ಅರ್ಥಪೂರ್ಣವಾಗುತ್ತವೆ. ಶಾಖೆಯ ಪ್ರತಿಪಾದನೆಗೆ ಮಾತ್ರ ಪರಸ್ಪರ ಪೋಷಕವಾದ ಅನೇಕ ನಾವೀನ್ಯಗಳು ಬೇಕು. ಇಂಡೋ-ಇರಾನಿಯನ್ನಿನಲ್ಲಿ ಹ್ರಸ್ವ ಎ, ಒ, ಅ ಸ್ವರಗಳು ಅಕಾರದಲ್ಲಿ ಒಂದಾದದ್ದು ಅಂಥವುಗಳಲ್ಲೊಂದು. ಕೆಂತುಂ ಭಾಷೆಗಳಿಗೆಲ್ಲ ಸಾಮಾನ್ಯವಾದ ಅಂಥ ನಾವೀನ್ಯಗಳ ಗುಚ್ಛವೊಂದು ಸ್ಥಾಪಿತವಾಗದಿರುವಾಗ, ಆ ಹೆಸರನ್ನು ವೃಕ್ಷದ ಕವಲಿಗೆ ಅಂಟಿಸುವುದು ವರ್ಣನೆಯನ್ನು ಇತಿಹಾಸವೆಂದು ಭಾವಿಸಿದಂತಾಗುತ್ತದೆ.