ಮಣಿಕಟ್ಟಿನ ಮುರಿತಕ್ಕೆ ಮೆತ್ತನೆಯ ಪಟ್ಟಿ ಸಾಕೇ?

ಓಡುತ್ತಾ ಮುಗ್ಗರಿಸಿದ ಮಗು ಅಂಗೈ ಊರಿ ಬೀಳುವುದನ್ನು ನೀವು ನೋಡಿರುತ್ತೀರಿ. ಆಗ ನೆಲದ ಒತ್ತಡ ಮಣಿಕಟ್ಟಿನ ಮೂಲಕ ಮುಂಗೈಯ ರೇಡಿಯಸ್ ಮೂಳೆಗೆ ಸಾಗುತ್ತದೆ. ಎಳೆಯ ಮೂಳೆ ಹೆಚ್ಚು ಮಣಿಯಬಲ್ಲದು. ಆದ್ದರಿಂದ ಅದು ತುಂಡಾಗದೆ, ಮೇಲಿನಿಂದ ಅದುಮಿದ ತಗಡಿನ ಡಬ್ಬಿಯಂತೆ ಪಕ್ಕಕ್ಕೆ ಉಬ್ಬಬಹುದು. ಇದೇ ಟೋರಸ್ ಮುರಿತ. ಇಲ್ಲಿ ಮೂಳೆ ಬೇರ್ಪಡುವುದಿಲ್ಲವಾದ್ದರಿಂದ ಜಾಗ ತಪ್ಪುವ ಭಯ ಬಹಳ ಕಡಿಮೆ.

ಹಾಗಿದ್ದರೆ ಗಟ್ಟಿ ಕಟ್ಟು ಏಕೆ? ಬ್ರಿಟನ್ನಿನ 23 ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 2019-20ರಲ್ಲಿ ನಡೆದ 'ಫೋರ್ಸ್' ಅಧ್ಯಯನ ಇದನ್ನೇ ಪರೀಕ್ಷಿಸಿತು. 4ರಿಂದ 15 ವರ್ಷದ 965 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಬೇಕೆನಿಸಿದರೆ ಸುತ್ತಿಕೊಳ್ಳಲು ಮೆತ್ತನೆಯ ಬ್ಯಾಂಡೇಜ್ ಕೊಟ್ಟು ಮನೆಗೆ ಕಳಿಸಲಾಯಿತು. ಇನ್ನೊಂದಕ್ಕೆ ಆಯಾ ಆಸ್ಪತ್ರೆಯ ಪದ್ಧತಿಯಂತೆ ಗಟ್ಟಿ ಕಟ್ಟು ಹಾಕಲಾಯಿತು. ಮೂರನೆಯ ದಿನ, ಮುಖಚಿತ್ರಗಳಿರುವ 10 ಅಂಕಗಳ ಮಾಪಕದಲ್ಲಿ ನೋವಿನ ಸರಾಸರಿ ಕ್ರಮವಾಗಿ 3.21 ಮತ್ತು 3.14. ಫಲಿತಾಂಶ 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

'ವ್ಯತ್ಯಾಸ ಕಾಣಲಿಲ್ಲ' ಎಂಬುದು 'ವ್ಯತ್ಯಾಸವಿಲ್ಲ' ಎಂಬುದಕ್ಕೆ ಸಮವಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡು ಉಂಗುರ ತೂಗಿ 'ಸಮ' ಎಂದರೆ ಅಕ್ಕಸಾಲಿಗ ಒಪ್ಪುವನೇ? ಈ ಅಧ್ಯಯನದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಎರಡೂ ಚಿಕಿತ್ಸೆಗಳು ಸಮಾನವೆನ್ನಲು ವ್ಯತ್ಯಾಸ 1 ಅಂಕದ ಮಿತಿಯೊಳಗಿರಬೇಕೆಂದು ಸಂಶೋಧಕರು ಮೊದಲೇ ನಿಗದಿಪಡಿಸಿದ್ದರು. ದೊರೆತ ವ್ಯತ್ಯಾಸದ ಶೇಕಡ 95 ವಿಶ್ವಾಸದ ವ್ಯಾಪ್ತಿ -0.37ರಿಂದ 0.17; ಇದು ಆ ಮಿತಿಯೊಳಗೇ ಇದೆ. ಅಳೆಯುವ ಮೊದಲೇ ಗೆರೆ ಎಳೆಯುವ ಈ ಶಿಸ್ತು ನಮ್ಮ ಪ್ರಯೋಗಶಾಲೆಗಳಿಗೂ ಬೇಕು.

ಕೊರತೆಗಳೂ ಇವೆ. ಕೈಗೆ ಏನು ಕಟ್ಟಿದೆಯೆಂಬುದು ಮಗುವಿಗೂ ಪೋಷಕರಿಗೂ ಗೊತ್ತಿರುತ್ತದೆ. ನೋವನ್ನು ಹೇಳಬೇಕಾದವರು ಅವರೇ. ನಂಬಿಕೆ ಅಂಕವನ್ನು ಏರಿಳಿಸಬಹುದು. ಇದನ್ನು ತಪ್ಪಿಸುವ ದಾರಿ ಇಂಥ ಪ್ರಯೋಗದಲ್ಲಿಲ್ಲ. ಆದರೆ ಓದುಗರು ಎಚ್ಚರ ವಹಿಸಬೇಕಾದ ಸಂಗತಿ ಬೇರೆ. ಈ ತೀರ್ಮಾನ ಕ್ಷ-ಕಿರಣ ಚಿತ್ರದಲ್ಲಿ ಟೋರಸ್ ಎಂದು ಖಚಿತವಾದ ಮುರಿತಕ್ಕೆ ಮಾತ್ರ ಅನ್ವಯಿಸುತ್ತದೆ. ಮೂಳೆಯ ಒಂದು ಬದಿ ಹಸಿ ಕಡ್ಡಿಯಂತೆ ಸೀಳಿದ್ದರೆ ಅದು ಮತ್ತಷ್ಟು ಬಾಗಬಹುದು. ಅದಕ್ಕೆ ಈ ಅಂಕಿಗಳು ಉತ್ತರವಲ್ಲ. 'ಮಣಿಕಟ್ಟು ಮುರಿದರೆ ಪಟ್ಟಿ ಸಾಕು' ಎಂದು ಸಾರಾಂಶ ಬರೆದರೆ ಕೈ ಸೊಟ್ಟಗಾಗುವುದು ಯಾವುದೋ ಮಗುವಿನದು.

ಟೋರಸ್ ಮುರಿತಕ್ಕೆ ಗಟ್ಟಿ ಪ್ಲಾಸ್ಟರ್ ಬೇಡವೆಂದು ಬ್ರಿಟನ್ನಿನ 'ನೈಸ್' ಸಂಸ್ಥೆ 2016ರಲ್ಲಿಯೇ ಸೂಚಿಸಿತ್ತು. 'ಫೋರ್ಸ್' ಆ ಸಲಹೆಗೆ ಅಳತೆಯ ಬಲ ತಂದಿದೆ. ಅದನ್ನು ಒಪ್ಪೋಣ, ಅದರ ಎಲ್ಲೆಯನ್ನೂ ಜೊತೆಗೇ ಕಲಿಸೋಣ.