ಹೊಟ್ಟು ಪುಕ್ಕಟೆ ಅಂತ ಯಾರು ಹೇಳಿದ್ದು?

ಕೃಷಿ ತ್ಯಾಜ್ಯದಿಂದ ಹಗುರ ಕಾಂಕ್ರೀಟ್ ಅನ್ನೋ ಪ್ರಬಂಧಗಳನ್ನ ಈಚೆಗೆ ಸಾಲಾಗಿ ಓದಿದೆ. ಬಹುಪಾಲು ಒಂದೇ ಅಚ್ಚಿನವು. ಸಿಮೆಂಟಿನಲ್ಲಿ ಶೇ. 5, 10, 15 ಹೀಗೆ ತೆಗೆದು ಆ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿ ಹಾಕೋದು, 28 ದಿನ ನೀರಲ್ಲಿಟ್ಟ ಕ್ಯೂಬನ್ನು ಒಡೆಯೋದು, ಪರಿಸರಸ್ನೇಹಿ ಅಂತ ಷರಾ ಬರೆಯೋದು.

ರಸಾಯನಶಾಸ್ತ್ರದ ಬಗ್ಗೆ ತಕರಾರಿಲ್ಲ. ಆ ಬೂದಿಯಲ್ಲಿ ಹೆಚ್ಚಿರೋದು ಸಿಲಿಕಾ. ಸಿಮೆಂಟಿಗೆ ನೀರು ಸೇರಿದಾಗ ಹೊರಬರೋ ಸುಣ್ಣದ ಜೊತೆ ಬೆರೆತು ಅದು ಇನ್ನಷ್ಟು ಅಂಟು ಕಟ್ಟುತ್ತೆ. ಐಎಸ್ 456 ಕೂಡ 2000ದಲ್ಲೇ ಷರತ್ತು ಹಾಕಿ ಒಪ್ಪಿದೆ. ನನ್ನ ತಕರಾರು 'ತ್ಯಾಜ್ಯ' ಅನ್ನೋ ಪದದ ಮೇಲೆ.

ಗಂಗಾವತಿಯ ರೈಸ್ ಮಿಲ್ಲಿಗೆ ಹೋಗಿ 'ಹೆಂಗೂ ತ್ಯಾಜ್ಯ ಅಲ್ವಾ, ಹೊಟ್ಟು ಕೊಡ್ರಿ' ಅನ್ನಿ ನೋಡೋಣ. ರೇಟ್ ಹೇಳ್ತಾರೆ! ಭತ್ತ ಬೇಯಿಸೋ ಬಾಯ್ಲರಿಗೆ ಅದೇ ಉರುವಲು, ಇಟ್ಟಿಗೆ ಗೂಡಿಗೂ ಅದೇ. ತಿಪಟೂರು ಸೀಮೆಯ ತೆಂಗಿನ ಚಿಪ್ಪನ್ನ ಇದ್ದಿಲು ಸುಡೋರು ಕಾಸು ಕೊಟ್ಟು ಒಯ್ತಾರೆ. ನಮ್ಮೂರ ಮನೆಗಳಲ್ಲಂತೂ ಚಿಪ್ಪು ನೀರೊಲೆಗೆ, ತಿಪ್ಪೆಗಲ್ಲ. ಹೊಟ್ಟನ್ನೆಲ್ಲ ಕಾಂಕ್ರೀಟಿನೋರು ಎತ್ತಿಕೊಂಡು ಹೋದರೆ ಬಾಯ್ಲರಿಗೆ ಏನು ಹಾಕಬೇಕು? ಸೌದೆನಾ?

ನಿಜಕ್ಕೂ ಯಾರಿಗೂ ಬೇಡದ್ದು ಬಾಯ್ಲರಿನ ಬೂದಿ. ರಸ್ತೆ ಪಕ್ಕ ಸುರಿದಾಗ ಹಾರಿ ಬೈಕಿನವರ ಕಣ್ಣಿಗೆ ಬೀಳೋದು ಅದೇ. ಆದರೆ ಪ್ರಬಂಧದ ಬೂದಿ ಎಷ್ಟೋ ಸಲ ಬೇರೆ: ಲ್ಯಾಬಿನ ಕುಲುಮೆಯಲ್ಲಿ 600–700 ಡಿಗ್ರಿಗೆ ಹದವಾಗಿ ಸುಟ್ಟು, ನುಣ್ಣಗೆ ಅರೆದದ್ದು. ಮಿಲ್ಲಲ್ಲಿ ಹದ ಕಾಯೋರ್ಯಾರು? ಕಾವು ಮೀರಿದರೆ ಸಿಲಿಕಾ ಹರಳುಗಟ್ಟಿ ಜಡವಾಗುತ್ತೆ. ಸರಿಯಾಗಿ ಉರಿಯದಿದ್ದರೆ ಇಂಗಾಲ ಉಳಿದು ನೀರು ಕುಡಿಯುತ್ತೆ. ಲೆಕ್ಕವನ್ನೂ ನೋಡಿ. ಒಂದು ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು, ಅದನ್ನ ಸುಟ್ಟರೆ ಸುಮಾರು 40 ಕೆಜಿ ಬೂದಿ. 50 ಕೆಜಿಯ ಒಂದು ಸಿಮೆಂಟ್ ಮೂಟೆಯಷ್ಟೂ ಆಗಲ್ಲ.

ಹಗುರದ ಮಾತಿಗೆ ಬಂದರೆ ಇನ್ನೂ ತಮಾಷೆ. ಜಲ್ಲಿ ಬದಲು ಚಿಪ್ಪಿನ ಚೂರು ಹಾಕಿದರೆ ಘನ ಮೀಟರಿಗೆ 2400 ಕೆಜಿ ತೂಗೋದು 2000ದ ಆಸುಪಾಸಿಗೆ ಇಳಿಯುತ್ತೆ, ನಿಜ. ಆದರೆ ಚಿಪ್ಪಿಗೆ ಜಲ್ಲಿಯ ಗಟ್ಟಿತನ ಇಲ್ಲ, ಬಲ ಸರಿದೂಗಿಸೋಕೆ ಸಾಮಾನ್ಯವಾಗಿ ಸಿಮೆಂಟೇ ಜಾಸ್ತಿ ಸುರೀಬೇಕು. ಸಿಮೆಂಟ್ ಉಳಿಸ್ತೀವಿ ಅಂತ ಹೊರಟವರು ಮಿಶ್ರಣದ ಪಟ್ಟಿಯ ಆ ಒಂದು ಸಾಲಿನ ಬಗ್ಗೆ ತುಟಿ ಬಿಚ್ಚಲ್ಲ.

ಮೂರು ಬೇರೆ ಬೇರೆ ಮಿಲ್ಲುಗಳಿಂದ ಸಿಕ್ಕ ಬೂದಿಯನ್ನ ಸಿಕ್ಕ ಹಾಗೇ ತಂದು, ಅರೆಯೋ ಕರೆಂಟು, ಲಾರಿ ಬಾಡಿಗೆ ಎಲ್ಲ ಸೇರಿಸಿ ಬರೆದ ಪ್ರಬಂಧ ಇದ್ದರೆ ಕೊಡಿ, ಓದ್ತೀನಿ. ಮಿಲ್ಲಿನ ಪಕ್ಕದೂರಲ್ಲಿ ಹಾಲೋ ಬ್ಲಾಕ್ ಹಾಕೋರಿಗೆ ಬೇಕಾಗಿರೋದೂ ಅದೇ.